ಜಪಾನಿನ ಮರೆಯ ಸೈಕೆಡೆಲಿಕ್ ರಾಕ್: ಕಿವಿ ಪಳಗಿಸಿಕೊಂಡು ಒಳಹೋಗುವ ದಾರಿ

ಫ್ಲವರ್ ಟ್ರಾವೆಲಿನ್ ಬ್ಯಾಂಡ್ ಎಂಬ ಜಪಾನಿ ತಂಡದ ‘ಸಾತೊರಿ’ ಆಲ್ಬಮ್ಮನ್ನು ನಾನು ಮೊದಲ ಸಲ ಕೇಳಿದ್ದು ಹುಬ್ಬಳ್ಳಿಯ ಹಾಸ್ಟೆಲ್ ರೂಮಿನಲ್ಲಿ. ಗೆಳೆಯನೊಬ್ಬ ಪೆನ್‌ಡ್ರೈವ್ ತಂದಿದ್ದ. ಮೊದಲಿಗೆ ದೂರದಲ್ಲೆಲ್ಲೋ ಗುಂಯ್ ಎನ್ನುವ ಸದ್ದು, ಅದರ ಬೆನ್ನಿಗೇ ಒಬ್ಬ ಚೀರುತ್ತಾನೆ. ಪದವಿಲ್ಲ, ರಾಗವಿಲ್ಲ, ಬರೀ ಚೀರಾಟ. ನಲವತ್ತು ಸೆಕೆಂಡಿಗೆ ಬಂದ್ ಮಾಡಿ ಮಾಮೂಲಿ ಮೆಟಲ್ ಹಾಡಿಗೆ ಮರಳಿದೆ. ಆರು ವರ್ಷ ಕಳೆದ ಮೇಲೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ರಾತ್ರಿ ಕರೆಂಟ್ ಹೋಗಿದ್ದಾಗ, ಫೋನಿನಲ್ಲಿ ಅದೇ ಆಲ್ಬಂ ಕೇಳುತ್ತ ಕೊನೆಯವರೆಗೂ ಕೂತೇ ಇದ್ದೆ. ಆಲ್ಬಂ ಬದಲಾಗಿರಲಿಲ್ಲ. ಆ ಆರು ವರ್ಷದಲ್ಲಿ ನನ್ನ ಕಿವಿಗೆ ಏನಾಯಿತು ಎಂಬ ಹುಡುಕಾಟದಿಂದಲೇ ಈ ಮಾರ್ಗದರ್ಶಿ ಹುಟ್ಟಿದೆ.

ಇದು ‘ಕೇಳಲೇಬೇಕಾದ ಹತ್ತು ಆಲ್ಬಂ’ ಪಟ್ಟಿಯಲ್ಲ. ಅಂಥ ಪಟ್ಟಿ ಹಿಡಿದು ಹೊರಟವರು ಮೂರನೇ ಆಲ್ಬಮ್ಮಿಗೇ ಸುಸ್ತಾಗಿ ವಾಪಸ್ ಬಂದದ್ದನ್ನು ಕಂಡಿದ್ದೇನೆ. ನಿಮ್ಮ ಕಿವಿಗೆ ಈಗಾಗಲೇ ಗೊತ್ತಿರುವ ಒಂದು ಎಳೆ ಹಿಡಿದು ಹೋದರೆ ಮಾತ್ರ ಈ ಸಂಗೀತ ದಕ್ಕುತ್ತದೆ.

ಹೆಜ್ಜೆ 1: ನಿಮ್ಮ ಕಿವಿಯ ಲೆಕ್ಕ ತೆಗೆಯಿರಿ

ಒಂದು ನೋಟ್‌ಬುಕ್ಕಿನಲ್ಲಿ, ಯಾರಿಗೂ ತೋರಿಸುವ ಹಂಗಿಲ್ಲದೆ, ನೀವು ನಿಜಕ್ಕೂ ಪದೇಪದೇ ಕೇಳುವ ಐದು ಹಾಡುಗಳನ್ನು ಬರೆಯಿರಿ. ಪ್ರತಿಯೊಂದರ ಎದುರಿಗೂ ಅದರಲ್ಲಿ ಹಿಡಿಸುವುದು ಏನೆಂದು ಒಂದೇ ಪದ: ತಾಳ, ಗಿಟಾರ್, ದನಿ, ಸಾಹಿತ್ಯ, ಇನ್ನೇನೋ.

ನನ್ನ ಪಟ್ಟಿಯಲ್ಲಿ ಎರಡು ಮೆಟಲ್ ಹಾಡು, ಒಂದು ಭಾವಗೀತೆ, ಒಂದು ದಾಸರ ಪದ, ಮತ್ತೊಂದು ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣ ಇತ್ತು. ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸಿತು. ಎದುರಿನ ಪದಗಳನ್ನು ಓದಿದಾಗ ಮೂರರಲ್ಲಿ ಒಂದೇ ಉತ್ತರವಿತ್ತು: ‘ಹಿಂದಿನ ಶ್ರುತಿ’. ಧಾರವಾಡದಲ್ಲಿ ಬೆಳೆದವರಿಗೆ ತಂಬೂರಿ ಅಡುಗೆಮನೆಯ ಕುಕ್ಕರ್ ಸೀಟಿಯಷ್ಟೇ ಪರಿಚಿತ. ಮೆಟಲ್ ಗಿಟಾರಿನ ಕೆಳತಂತಿಯಲ್ಲೂ ನಾನು ಅದನ್ನೇ ಕೇಳುತ್ತಿದ್ದೆ ಎಂಬುದು ಗೊತ್ತೇ ಇರಲಿಲ್ಲ.

ಹೆಜ್ಜೆ 2: ಕಾಲದ ನಕ್ಷೆಯನ್ನು ತಲೆಯಲ್ಲಿಟ್ಟುಕೊಳ್ಳಿ

ಸೈಕೆಡೆಲಿಕ್ ರಾಕ್ ಅಂದರೆ ವಿಚಿತ್ರ ಸದ್ದು, ಉದ್ದುದ್ದ ಗಿಟಾರ್ ನುಡಿಸಾಣಿಕೆಯಿಂದ ಕೇಳುವವರನ್ನು ಅಮಲಿನಂಥ ಗುಂಗಿಗೆ ಒಯ್ಯುವ ರಾಕ್. ಜಪಾನಿನಲ್ಲಿ ಅದು ಒಂದೇ ಬಗೆಯ ಸಂಗೀತವಲ್ಲ. 1965ರಲ್ಲಿ ಅಮೆರಿಕದ ವೆಂಚರ್ಸ್ ತಂಡ ಬಂದುಹೋದ ಮೇಲೆ ಅಲ್ಲಿನ ಹುಡುಗರಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಅದಕ್ಕೆ ‘ಎಲೆಕಿ’ ಎಂದೇ ಹೆಸರು. 1966ರ ಬೇಸಿಗೆಯಲ್ಲಿ ಬೀಟಲ್ಸ್ ಟೋಕಿಯೊದ ಬುದೋಕಾನ್‌ನಲ್ಲಿ ನುಡಿಸಿದರು. ಅಲ್ಲಿಂದ ‘ಗ್ರೂಪ್ ಸೌಂಡ್ಸ್’ ಅಲೆ: ಒಂದೇ ಬಗೆಯ ಸೂಟು, ಚೆಂದದ ಮುಖ, ಕಿರುಚುವ ಹುಡುಗಿಯರು. ಇವರ ಸಿಂಗಲ್‌ಗಳ (ಬದಿಗೊಂದು ಹಾಡಿನ ಪುಟ್ಟ ರೆಕಾರ್ಡು) ಮುಂಬದಿಗೆ ಹಾಡು ಬರೆದುಕೊಡುತ್ತಿದ್ದವರು ಹೆಚ್ಚಾಗಿ ಕಂಪನಿ ಗೊತ್ತು ಮಾಡಿದ ವೃತ್ತಿಪರರು. ಹುಡುಗರಿಗೆ ತಮ್ಮಿಷ್ಟದಂತೆ ಗಿಟಾರ್ ಕೆರೆಯಲು ಸಿಕ್ಕಿದ್ದು ಹಿಂಬದಿಯಲ್ಲಿ. ಹಾಗಾಗಿ ಈ ಕಾಲದ ಸಿಂಗಲ್ ಕೈಗೆ ಬಂದರೆ ಮೊದಲು ಬಿ-ಸೈಡ್ ಹಾಕಿ.

1968ರಲ್ಲಿ ಎರಡು ಆಲ್ಬಂ ಬಂದವು. ಮಾಪ್ಸ್ ತಂಡದ್ದು ಹೆಸರಿನಲ್ಲೇ ‘ಸೈಕೆಡೆಲಿಕ್’ ಎಂದು ಹೇಳಿಕೊಂಡ ಮೋಜಿನ ಆಲ್ಬಂ. ಜಾಕ್ಸ್ ತಂಡದ್ದು ಅದಕ್ಕೆ ತದ್ವಿರುದ್ಧ: ಕತ್ತಲು, ಒಂಟಿತನ, ಹಾಯಾಕಾವಾ ಯೋಶಿಯೋ ಅವರ ನಡುಗುವ ದನಿ. ಮಾಪ್ಸ್ ತಂಡವನ್ನು ಜನ ಯಾಕೆ ಹೊಗಳುತ್ತಾರೋ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಜಾಕ್ಸ್ ಮಾತ್ರ ನನ್ನನ್ನು ಬಿಡಲಿಲ್ಲ. ಆ ಹಾಯಾಕಾವಾ ಮುಂದೆ ಸಂಗೀತಕ್ಕೇ ಕೈಮುಗಿದು ಎರಡು ದಶಕ ಪುಸ್ತಕದಂಗಡಿ ನಡೆಸಿದರು, 90ರ ದಶಕದಲ್ಲಿ ಮತ್ತೆ ಹಾಡಲು ಬಂದರು.

1970ರಿಂದ 73ರವರೆಗಿನದು ಬಂಗಾರದ ಕಾಲ. ‘ನ್ಯೂ ರಾಕ್’ ಎಂಬ ಹೆಸರಿನಲ್ಲಿ ಭಾರವಾದ, ಉದ್ದುದ್ದ ಹಾಡುಗಳು. ಫ್ಲವರ್ ಟ್ರಾವೆಲಿನ್ ಬ್ಯಾಂಡಿನ ‘ಸಾತೊರಿ’, ಬ್ಲೂಸ್ ಕ್ರಿಯೇಷನ್‌ನ ‘ಡೀಮನ್ ಅಂಡ್ ಇಲೆವೆನ್ ಚಿಲ್ಡ್ರನ್’, ಸ್ಪೀಡ್, ಗ್ಲೂ ಅಂಡ್ ಶಿಂಕಿಯ ‘ಈವ್’, ಮೂರೂ 1971ರವು. ಅದೇ ವರ್ಷ ಆಗಸ್ಟಿನಲ್ಲಿ, ನಾರಿತಾ ವಿಮಾನನಿಲ್ದಾಣಕ್ಕೆ ಹೊಲ ಬಿಟ್ಟುಕೊಡಲೊಪ್ಪದೆ ರೈತರು ಹೋರಾಡುತ್ತಿದ್ದ ಸಾನ್ರಿಝುಕಾದಲ್ಲಿ ಮೂರು ದಿನದ ಸಂಗೀತೋತ್ಸವ ನಡೆಯಿತು. ಈ ಸಂಗೀತ ಎಂಥ ಹವೆಯಲ್ಲಿ ಬೆಳೆಯಿತೆಂದು ತಿಳಿಯಲು ಅಷ್ಟು ಸಾಕು.

ಮೂರನೇ ಕಾಲ ಶುರುವಾಗುವುದು 1984ರಲ್ಲಿ. ಟೋಕಿಯೊದಲ್ಲಿ ‘ಮಾಡರ್ನ್ ಮ್ಯೂಸಿಕ್’ ಎಂಬ ಪುಟ್ಟ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಇಕೆಎಝುಮಿ ಹಿದೆಓ, ಪಿಎಸ್‌ಎಫ್ ಎಂಬ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ತೆರೆದರು. ಹೈ ರೈಸ್, ಫುಶಿತ್ಸುಶಾ, ವೈಟ್ ಹೆವನ್, ಗೋಸ್ಟ್ ಇವರೆಲ್ಲರ ಸಂಗೀತ ಹೊರಬಂದದ್ದು ಅಲ್ಲಿಂದ. ನಾಲ್ಕನೆಯದು ನಮ್ಮ ಕಾಲದ್ದು: 2012ರಲ್ಲಿ ಟೋಕಿಯೊದಲ್ಲಿ ಕಟ್ಟಿದ ಕಿಕಾಗಾಕು ಮೊಯೋ, 2022ರ ಕೊನೆಗೆ ತಾನಾಗಿಯೇ ಆಟ ನಿಲ್ಲಿಸಿದ ತಂಡ.

ಹೆಜ್ಜೆ 3: ಬಾಗಿಲು ಆರಿಸಿಕೊಳ್ಳಿ

ಈಗ ನೋಟ್‌ಬುಕ್ ತೆಗೆಯಿರಿ. ‘ಗಿಟಾರ್’ ಎಂದು ಬರೆದಿದ್ದರೆ ನಿಮ್ಮ ಬಾಗಿಲು ‘ಈವ್’ ಅಥವಾ ಬ್ಲೂಸ್ ಕ್ರಿಯೇಷನ್. ಇಂಗ್ಲೆಂಡಿನ ಮೆಟಲ್ ತಂಡ ಬ್ಲ್ಯಾಕ್ ಸ್ಯಾಬತ್ ಗೊತ್ತಿದ್ದವರಿಗೆ ಇಲ್ಲಿ ಪರದೇಶ ಅನಿಸುವುದೇ ಇಲ್ಲ. ‘ಇಂಪು’ ಎಂದಿದ್ದರೆ ಕಿಕಾಗಾಕು ಮೊಯೋ. ಅದರ ಸಿತಾರ್ ವಾದಕ ಕುರೋಸಾವಾ ರ್‍ಯೂ ಭಾರತಕ್ಕೆ ಬಂದು ಪಂಡಿತ್ ಮಣಿಲಾಲ್ ನಾಗ್ ಅವರ ಬಳಿ ಕಲಿತವರು. ರಾಕ್‌ನಲ್ಲಿ ಸಿತಾರ್ ಅಂದರೆ ಅಗರಬತ್ತಿ ಹಚ್ಚಿದಂತೆ ಬರೀ ವಾಸನೆಗೆ ಇಡುವುದೇ ಹೆಚ್ಚು. ಈತ ನುಡಿಸುವಾಗ ಹಾಗನಿಸುವುದಿಲ್ಲ. 2018ರ ‘ಮಸಾನಾ ಟೆಂಪಲ್ಸ್’ ಮನೆಮಂದಿಯ ಎದುರೂ ಹಾಕಬಹುದಾದ ಆಲ್ಬಂ.

‘ಸಾಹಿತ್ಯ’ ಎಂದವರು ‘ಹ್ಯಾಪಿ ಎಂಡ್’ ತಂಡದ 1971ರ ‘ಕಾಝೆಮಾಚಿ ರೋಮಾನ್’ನಿಂದ ಶುರುಮಾಡಿ. ಅದು ಸೈಕೆಡೆಲಿಕ್ ಅಂಚಿನಿಂದ ಸ್ವಲ್ಪ ಹೊರಗೇ. ಆದರೆ ಜಪಾನಿ ಭಾಷೆ ರಾಕ್ ತಾಳಕ್ಕೆ ಕೂರುತ್ತದೆಯೇ ಎಂಬ ಜಗಳ ಆಗ ಜೋರಾಗಿತ್ತು. ಫ್ಲವರ್ ಟ್ರಾವೆಲಿನ್ ಬ್ಯಾಂಡ್ ಕಟ್ಟಿದ ಉಚಿದಾ ಯೂಯಾ, ಲೋಕಕ್ಕೆ ಮುಟ್ಟಬೇಕಾದರೆ ಇಂಗ್ಲಿಷಿನಲ್ಲೇ ಹಾಡಬೇಕು ಎನ್ನುವ ಪಕ್ಷ. ಹ್ಯಾಪಿ ಎಂಡ್ ತಾಯ್ನುಡಿಯಲ್ಲೇ ಹಾಡಿ ತೋರಿಸಿತು. ಬೆಂಗಳೂರಿನ ರಾಕ್ ತಂಡಗಳ ನಡುವೆ ‘ಕನ್ನಡದಲ್ಲಿ ಕೂರಲ್ಲ ಗುರು’ ಎಂಬ ಮಾತು ಕೇಳಿದವರಿಗೆ ಈ ಜಗಳ ಹೊಸದಲ್ಲ. ತಮಾಷೆಯೆಂದರೆ ಅರ್ಧ ಶತಮಾನದ ಬಳಿಕ ಎರಡೂ ಪಕ್ಷದ ಆಲ್ಬಮ್ಮುಗಳನ್ನು ಲೋಕ ಹುಡುಕಿ ಕೇಳುತ್ತಿದೆ.

ನನ್ನಂತೆ ‘ಶ್ರುತಿ’ ಎಂದು ಬರೆದವರಿಗೆ ತಾಜ್ ಮಹಲ್ ಟ್ರಾವೆಲರ್ಸ್. 1969ರಲ್ಲಿ ಕೊಸುಗಿ ತಾಕೆಹಿಸಾ ಅವರ ಸುತ್ತ ಕೂಡಿದ ಈ ತಂಡ, ಹೆಸರು ಇಟ್ಟುಕೊಂಡ ತಪ್ಪಿಗೋ ಏನೋ, 1971–72ರಲ್ಲಿ ಯುರೋಪಿನಿಂದ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಹೊರಟು ನಿಜವಾಗಿಯೂ ತಾಜ್ ಮಹಲಿನವರೆಗೆ ಬಂತು. ಊರಿಗೆ ಮರಳಿದ ಮೇಲೆ ಟೋಕಿಯೊದ ಒಂದು ಸಭಾಂಗಣದಲ್ಲಿ ನುಡಿಸಿದ್ದು ‘ಜುಲೈ 15, 1972’ ಎಂಬ ಆಲ್ಬಂ ಆಯಿತು. ಅದರಲ್ಲಿ ಹಾಡಿಗೆ ಹೆಸರೇ ಇಲ್ಲ, ಗಡಿಯಾರದ ಹೊತ್ತು ಅಷ್ಟೇ: ಸಂಜೆ 6:20ರಿಂದ 6:46, ಹೀಗೆ. ಪಿಟೀಲು, ಬಾಯಿಯ ದನಿ, ಎಲೆಕ್ಟ್ರಾನಿಕ್ಸ್, ಎಲ್ಲ ಒಂದರೊಳಗೊಂದು ಕರಗಿ ಹರಿಯುತ್ತದೆ. ಊರಿಂದ ಬಂದಿದ್ದ ಅಮ್ಮ ಹತ್ತು ನಿಮಿಷ ಸಹಿಸಿಕೊಂಡು ಕೇಳಿದಳು: “ಇನ್ನೂ ಶ್ರುತಿ ಹಚ್ಚಲಿಕ್ಕೇ ಹತ್ಯಾರೇನೋ? ಹಾಡೋದು ಯಾವಾಗ?” ಈ ಆಲ್ಬಂ ಬಗ್ಗೆ ಇದಕ್ಕಿಂತ ಚೆನ್ನಾದ ವಿಮರ್ಶೆ ನಾನು ಓದಿಲ್ಲ. ವಿಲಂಬಿತ ಆಲಾಪಕ್ಕೆ ಕೂತಂತೆ ಕೂತರೆ ಇದು ಕಷ್ಟವೇ ಅಲ್ಲ. ತಬಲಾ ಯಾವಾಗ ಎತ್ತಿಕೊಳ್ಳುತ್ತಾನೆ ಎಂದು ಕಾಯುತ್ತ ಕೂತರೆ ನರಕ.

ಹೆಜ್ಜೆ 4: ಆಲ್ಬಂ ಬಿಡಿ, ಮನುಷ್ಯನ ಬೆನ್ನು ಹತ್ತಿ

ಒಂದು ಆಲ್ಬಂ ಹಿಡಿಸಿತು ಅಂದುಕೊಳ್ಳಿ. ಆ್ಯಪ್ ತೋರಿಸುವ ‘ಇದೇ ತರಹದ್ದು’ ಪಟ್ಟಿಗೆ ಹೋದರೆ ಎಲ್ಲರೂ ಕೇಳುವ ಅದೇ ಆರೇಳು ಆಲ್ಬಮ್ಮಿನಲ್ಲಿ ಗಾಣದೆತ್ತಿನಂತೆ ಸುತ್ತುತ್ತೀರಿ. ಅದರ ಬದಲು ಮುಚ್ಚಳದ ಹಿಂದಿನ ಹೆಸರುಗಳಲ್ಲಿ ಒಂದನ್ನು ಹಿಡಿಯಿರಿ. ಈ ಲೋಕ ಚಿಕ್ಕದು, ಅದದೇ ಮಂದಿ ತಂಡದಿಂದ ತಂಡಕ್ಕೆ ದಾಟುತ್ತಿದ್ದರು.

ಒಂದು ಸರಪಳಿ ತೋರಿಸುತ್ತೇನೆ. ‘ಸಾತೊರಿ’ಯಲ್ಲಿ ಚೀರಿದ ಜೋ ಯಾಮಾನಾಕಾ ಮತ್ತು ಗಿಟಾರಿನ ಇಶಿಮಾ ಹಿದೆಕಿ, ಇಬ್ಬರೂ 1970ರಲ್ಲಿ ಕಾವಾಚಿ ಕುನಿ ಅವರ ‘ಕಿರಿಕ್ಯೋಗೆನ್’ ಆಲ್ಬಮ್ಮಿನಲ್ಲಿ ಇದ್ದಾರೆ. ಆ ಆಲ್ಬಂ ಮೆತ್ತಗಿನದು, ಆರ್ಗನ್ ತುಂಬಿದ್ದು. ಅದೇ ಜೋ ಇಲ್ಲಿ ಬೇರೆಯೇ ಮನುಷ್ಯ. ಇಶಿಮಾ ಮುಂದೆ ಸಿತಾರನ್ನೂ ಗಿಟಾರನ್ನೂ ಕೂಡಿಸಿ ‘ಸಿತಾರ್ಲಾ’ ಎಂಬ ವಾದ್ಯವನ್ನೇ ಮಾಡಿಸಿಕೊಂಡರು. ‘ಸಾತೊರಿ’ಯ ಎರಡನೇ ಭಾಗದಲ್ಲಿ ಅವರ ಬೆರಳು ಜಾರುವ ಬಗೆ ಕೇಳಿದರೆ, ಆ ವಾದ್ಯದ ಆಸೆ ಆಗಲೇ ಹುಟ್ಟಿತ್ತು ಅನಿಸುತ್ತದೆ.

ಇನ್ನೊಂದು: ಡೈನಮೈಟ್ಸ್ ಎಂಬ ಗ್ರೂಪ್ ಸೌಂಡ್ಸ್ ತಂಡದ ಗಿಟಾರಿಸ್ಟ್ ಯಾಮಾಗುಚಿ ಫುಜಿಯೋ. ಸೂಟು ಕಳಚಿದ ಮೇಲೆ ಕ್ಯೋಟೊಗೆ ಹೋಗಿ ಮುರಾಹಾಚಿಬು ತಂಡದಲ್ಲಿ ನುಡಿಸಿದರು. ‘ಮುರಾಹಾಚಿಬು’ ಅಂದರೆ ಊರವರು ಒಬ್ಬರ ಮನೆಗೆ ಬಹಿಷ್ಕಾರ ಹಾಕುವುದು. ನೀರು ಬೆಂಕಿ ಕೊಡದಿರುವುದು ಅನ್ನುತ್ತೇವಲ್ಲ, ಅದು. 1980ರ ಸುಮಾರಿಗೆ ಇದೇ ಫುಜಿಯೋ ರಾಲೀಝ್ ತಂಡಕ್ಕೆ (ಅದರ ಕತೆ ಏಳನೇ ಹೆಜ್ಜೆಯಲ್ಲಿ) ಬರುತ್ತಾರೆ. ಮೂರೂ ತಂಡಗಳನ್ನು ಒಬ್ಬನೇ ಮನುಷ್ಯನ ಬೆರಳಿನಲ್ಲಿ ಕೇಳಬಹುದು. ಮೂರನೆಯ ಸರಪಳಿ ಬೇಸ್ ವಾದಕ ಹೊಸೋನೋ ಹಾರುಓಮಿ: 1969ರಲ್ಲಿ ಏಪ್ರಿಲ್ ಫೂಲ್, ಆಮೇಲೆ ಹ್ಯಾಪಿ ಎಂಡ್, 1978ರಲ್ಲಿ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಎಂಬ ಎಲೆಕ್ಟ್ರಾನಿಕ್ ಪಾಪ್ ತಂಡ. ನಮ್ಮ ರುಚಿ ಬದಲಾಗುತ್ತದೆ ಎಂದು ನಾಚಿಕೊಳ್ಳುತ್ತೇವೆ. ನುಡಿಸಿದವರಿಗೇ ಆ ನಾಚಿಕೆ ಇರಲಿಲ್ಲ.

ಹೆಜ್ಜೆ 5: ಹೆಸರು ಹುಡುಕುವ ವಿದ್ಯೆ

ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಕೊಟ್ಟ ಹೆಸರು ಆಮೇಲೆ. ಇಂಗ್ಲಿಷ್ ಪುಟಗಳಲ್ಲಿ ಅದು ತಿರುಗಿರುತ್ತದೆ. ಹುಡುಕುವಾಗ ಎರಡೂ ಕ್ರಮದಲ್ಲಿ ಹಾಕಿ ನೋಡಿ. ಅದಕ್ಕಿಂತ ಮುಖ್ಯ, ವಿಕಿಪೀಡಿಯದಿಂದ ಜಪಾನಿ ಲಿಪಿಯ ಹೆಸರನ್ನೇ ನಕಲು ಮಾಡಿ ಯೂಟ್ಯೂಬಿನಲ್ಲಿ ಅಂಟಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕಾಣದ ಸಿಂಗಲ್‌ಗಳು ಸಿಕ್ಕುತ್ತವೆ.

ಮುಂದಿನದು ಟೋಕಿಯೊಗೆ ಹೋಗುವ ಯೋಗ ಇರುವವರಿಗೆ. ಅಲ್ಲಿ ‘ಡಿಸ್ಕ್ ಯೂನಿಯನ್’ನಂಥ ಅಂಗಡಿಯಲ್ಲಿ ಜಪಾನಿ ತಂಡಗಳನ್ನು ಜಪಾನಿ ವರ್ಣಮಾಲೆಯ ಸಾಲಿನಲ್ಲಿ ಜೋಡಿಸಿರುತ್ತಾರೆ: ಅ, ಕ, ಸ, ತ, ನ, ಹ, ಮ, ಯ, ರ, ವ. ಸ್ವರಗಳು ಅ, ಇ, ಉ, ಎ, ಒ. ಎಲ್ಲೋ ಕೇಳಿದಂತಿದೆಯೇ? ಬೌದ್ಧರು ಸಂಸ್ಕೃತ ಮಂತ್ರಗಳ ಜೊತೆ ಒಯ್ದ ಸಿದ್ಧಂ ಲಿಪಿಯ ಕ್ರಮದ ನೆರಳು ಅದು. ‘ಸ’ ಇರುವ ಜಾಗ ನಮ್ಮ ಚ-ವರ್ಗದ್ದು, ‘ಹ’ ಇರುವುದು ಪ-ವರ್ಗದ್ದು. ಹಳೆಯ ಜಪಾನಿಯಲ್ಲಿ ಹಕಾರವನ್ನು ಪಕಾರವಾಗಿಯೇ ಉಚ್ಚರಿಸುತ್ತಿದ್ದರು. ಇಂಗ್ಲಿಷ್ ಅಕ್ಷರಕ್ಕೆ ಒಗ್ಗಿದವರು ಕಪಾಟಿನ ಮುಂದೆ ತಬ್ಬಿಬ್ಬಾಗಿ ನಿಂತಿರುವಾಗ, ಒಂದನೇ ಕ್ಲಾಸಿನಲ್ಲಿ ಕಾಗುಣಿತ ಕಲಿತ ಕನ್ನಡಿಗ ನೇರ ರಾಲೀಝ್ (ಜಪಾನಿಯಲ್ಲಿ ‘ಹಾದಾಕಾ ನೊ ರಾರೀಝು’) ಇರುವ ಹ-ಸಾಲಿಗೆ ಹೋಗಿ ನಿಲ್ಲಬಹುದು.

ಹೆಜ್ಜೆ 6: ಕೇಳುವ ಪಥ್ಯ

ರುಚಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದಿಷ್ಟು ವಿಜ್ಞಾನವಿದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲಿ ತೋರಿಸಿದ್ದು: ಒಂದು ವಸ್ತು ಪದೇಪದೇ ಎದುರಾದರೆ ಸಾಕು, ಅದರ ಮೇಲಿನ ಒಲವು ಹೆಚ್ಚುತ್ತದೆ. ಡೇನಿಯಲ್ ಬರ್ಲೈನ್ ಇದಕ್ಕೆ ಇನ್ನೊಂದು ಮಾತು ಕೂಡಿಸಿದರು: ತೀರಾ ಸರಳವಾದದ್ದು ಬೇಸರ, ತೀರಾ ಗೋಜಲಾದದ್ದು ಕಿರಿಕಿರಿ, ನಡುವಿನದು ಸುಖ. ಕೇಳಿದಷ್ಟೂ ಗೋಜಲು ಬಿಡಿಸಿಕೊಳ್ಳುತ್ತದೆ, ನಡುವಿನ ಜಾಗವೇ ಸರಿದು ಮುಂದಕ್ಕೆ ಹೋಗುತ್ತದೆ. ಕರ್ಕಶವೆಂದು ನಾವು ಮುಖ ಸಿಂಡರಿಸುವ ಸ್ವರಗಳ ಗುಂಪೂ ಹುಟ್ಟಿನಿಂದ ಬಂದ ಅಸಹ್ಯವಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಾಶ್ಚಾತ್ಯ ಸಂಗೀತದ ಗಾಳಿ ಅಷ್ಟಾಗಿ ಸೋಕದ ಬೊಲಿವಿಯಾದ ಚಿಮಾನೆ ಜನ ಇಂಪಿನ ಸ್ವರಮೇಳವನ್ನೂ ಕರ್ಕಶ ಸ್ವರಮೇಳವನ್ನೂ ಒಂದೇ ಸಮ ಮೆಚ್ಚಿದರು.

ಆದರೂ ಹಟಕ್ಕೆ ಬಿದ್ದು ಎಂಬತ್ತು ನಿಮಿಷ ಕೇಳಬೇಡಿ. ನಾನು ಪಾಲಿಸುವ ಪಥ್ಯ ಇದು: ಒಮ್ಮೆಗೆ ಹದಿನೈದೇ ನಿಮಿಷ. ಇಷ್ಟವಾಗಲಿಲ್ಲವೆಂದರೆ ಒಂದು ವಾರ ಬಿಟ್ಟು ಮತ್ತೆ. ಮೂರು ಸಲ ಆದಮೇಲೆ ಆರು ತಿಂಗಳು ಅದರ ತಂಟೆಗೆ ಹೋಗುವುದಿಲ್ಲ. ಪ್ರತಿ ಸಲವೂ ಬೇರೆ ಒಂದೇ ವಾದ್ಯಕ್ಕೆ ಕಿವಿ: ಮೊದಲು ಡ್ರಮ್ಮು, ಆಮೇಲೆ ಬೇಸ್ (ಕೆಳಸ್ವರದ ಗಿಟಾರು), ಕೊನೆಗೆ ಗಿಟಾರು. ಸದ್ದು ಕಡಿಮೆ ಇರಲಿ. ಈ ಸಂಗೀತವನ್ನು ಜೋರಾಗಿಯೇ ಕೇಳಬೇಕು ಎನ್ನುವವರ ಮಾತು ನಿಜವೇ. ಆದರೆ ಹೆಡ್‌ಫೋನ್ ಹಾಕಿಕೊಂಡು ಅಲ್ಲ, ಕಿವಿ ಒಂದೇ ಜೊತೆ ಇರುವುದು.

ಹೆಜ್ಜೆ 7: ರಾಲೀಝ್ ಎಂಬ ಘಾಟಿ

ಎಲ್ಲರೂ ಒಂದಲ್ಲ ಒಂದು ದಿನ ಏರಬೇಕಾದ ಘಾಟಿ ಇದು. ಲೆ ರಾಲೀಝ್ ದೆನ್ಯೂದೆ, ಜಪಾನಿಯಲ್ಲಿ ‘ಹಾದಾಕಾ ನೊ ರಾರೀಝು’. 1967ರಲ್ಲಿ ಕ್ಯೋಟೊದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಮಿಝುತಾನಿ ತಾಕಾಶಿ ಕಟ್ಟಿದ ತಂಡ. ಮೊದಲ ಬೇಸ್ ವಾದಕ ವಾಕಾಬಾಯಾಶಿ ಮೋರಿಆಕಿ 1970ರ ಮಾರ್ಚಿನಲ್ಲಿ ‘ಯೊದೊಗೊ’ ವಿಮಾನವನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಒಯ್ದ ಒಂಬತ್ತು ಮಂದಿಯಲ್ಲಿ ಒಬ್ಬ. ಈ ಕತೆಯಿಂದಾಗಿ ತಂಡಕ್ಕೊಂದು ನಿಗೂಢತೆ ಅಂಟಿಕೊಂಡಿತು. ಮಿಝುತಾನಿ ಅದನ್ನು ಕಳಚುವ ಗೋಜಿಗೆ ಹೋಗಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಅಧಿಕೃತ ಆಲ್ಬಂ ಬರಲಿಲ್ಲ. 1991ರಲ್ಲಿ ಮೂರು ಸಿಡಿ ಬಂದವು, ಬೇಗನೇ ಕಾಣದಾದವು. ಆಮೇಲೆ ಲೋಕದ ತುಂಬ ಕಳ್ಳಪ್ರತಿಗಳ ರಾಜ್ಯ. ಮಿಝುತಾನಿ 2019ರಲ್ಲಿ ತೀರಿಕೊಂಡ ಸುದ್ದಿಯೂ ಹೊರಬಿದ್ದದ್ದು 2021ರಲ್ಲಿ.

ಕೇಳಬೇಕಾದದ್ದು ‘77 ಲೈವ್’. ನನ್ನ ನೋಟ್‌ಬುಕ್ಕಿನ ಪುಟ ಹೀಗಿದೆ:

ಮಾರ್ಚ್ 4: ನಾಲ್ಕು ನಿಮಿಷ. ಮಿಕ್ಸರಿನಲ್ಲಿ ಚಮಚ ಬಿದ್ದಂತೆ. ತಲೆನೋವು.
ಮಾರ್ಚ್ 12: ಬೇಸ್ ಮಾತ್ರ ಕೇಳಿದೆ. ಎಂಟು ನಿಮಿಷವಾದರೂ ಅದೇ ನಾಲ್ಕು ಸ್ವರ. ಇವನಿಗೆ ಬೇಜಾರಾಗುವುದಿಲ್ಲವೇ?
ಮಾರ್ಚ್ 20: ಬೇಸ್ ತಂಬೂರಿ! ಗಿಟಾರ್ ಅಲ್ಲ, ಬೇಸ್. ಇಡೀ ಹಾಡು ಮುಗಿಯಿತು.

ಮೂರನೇ ಸಾಲೇ ಕೀಲಿಕೈ. ರಾಲೀಝ್ ಹಾಡಿನಲ್ಲಿ ಬೇಸ್ ಕದಲದೆ ನಿಲ್ಲುತ್ತದೆ, ಅದರ ಮೇಲೆ ಮಿಝುತಾನಿಯ ಗಿಟಾರು ಉರಿಯುತ್ತದೆ. ನಾವು ಗಿಟಾರು ಹಾಡು, ಬೇಸ್ ಪಕ್ಕವಾದ್ಯ ಅಂದುಕೊಂಡು ಕೇಳುತ್ತೇವೆ, ಅಲ್ಲೇ ಎಡವುವುದು. ‘ಹತ್ಯಾಕೋರರ ರಾತ್ರಿ’ ಎಂಬ ಅವರ ಹೆಸರಾಂತ ಹಾಡಿನ ಬೇಸ್, 1963ರ ‘ಐ ವಿಲ್ ಫಾಲೋ ಹಿಮ್’ ಎಂಬ ಅಮೆರಿಕನ್ ಪಾಪ್ ಹಾಡಿನದ್ದೇ ಪಡಿಯಚ್ಚು. ಒಮ್ಮೆ ಅದನ್ನು ಕೇಳಿ ಬಂದು ಇದನ್ನು ಹಾಕಿ. ಆ ಗದ್ದಲದ ಅಡಿಯಲ್ಲಿ ಯಾರೋ ಹದಿಹರೆಯದ ಪ್ರೇಮಗೀತೆ ಗುನುಗುತ್ತಿದ್ದಾರೆ.

ಹೆಜ್ಜೆ 8: ದುಡ್ಡು ಕೊಡುವ ಮುಂಚೆ

ನಾನು ಒಮ್ಮೆ ಆನ್‌ಲೈನ್ ಮಾರಾಟಗಾರನೊಬ್ಬನಿಂದ ‘ಮೊದಲ ಮುದ್ರಣ’ ಎಂದು ನಂಬಿ ಒಂದು ಎಲ್‌ಪಿ ತರಿಸಿದೆ. ಸಂಬಳದ ಕಾಲುಭಾಗ, ಮೇಲೆ ಕಸ್ಟಮ್ಸ್ ಸುಂಕ. ಬಂದದ್ದು ಕಳ್ಳಮಾಲು. ಜಪಾನಿ ರೆಕಾರ್ಡಿನ ಬದಿಗೆ ಸುತ್ತುವ ಕಾಗದದ ಪಟ್ಟಿಗೆ ‘ಓಬಿ’ ಎನ್ನುತ್ತಾರೆ, ಸೀರೆಯ ಮೇಲಿನ ಡಾಬಿನಂತೆ. ನನಗೆ ಬಂದದ್ದರ ಓಬಿ ಕಲರ್ ಝೆರಾಕ್ಸ್. ಬೆರಳು ಒದ್ದೆ ಮಾಡಿ ಸವರಿದರೆ ಬಣ್ಣ ಅಂಟಿತು.

ಹೀಗಾಗಿ, ಕೊಳ್ಳುವುದಾದರೆ ಮರುಮುದ್ರಣವನ್ನೇ ಕೊಳ್ಳಿ. ಪಿಎಸ್‌ಎಫ್ ಆಲ್ಬಮ್ಮುಗಳನ್ನು ಅಮೆರಿಕದ ಬ್ಲ್ಯಾಕ್ ಎಡಿಷನ್ಸ್ ಮತ್ತೆ ತರುತ್ತಿದೆ. ರಾಲೀಝ್ ಧ್ವನಿಮುದ್ರಣಗಳನ್ನು ಟೆಂಪೊರಲ್ ಡ್ರಿಫ್ಟ್ ಹೊರತರುತ್ತಿದೆ. 2022ರ ‘ಓಝ್ ಟೇಪ್ಸ್’ ಅದರದ್ದೇ. ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಡಿಜಿಟಲ್ ಪ್ರತಿ ಕೊಂಡರೆ ಸುಂಕವೂ ಇಲ್ಲ, ದೂಳು ಒರೆಸುವ ಕೆಲಸವೂ ಇಲ್ಲ. ಮೂಲ ಮುದ್ರಣದ ಮೋಹ ರೆಕಾರ್ಡಿನ ಮೋಹ, ಸಂಗೀತದ್ದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ, ಪೂರ್ತಿ ನಂಬಿಕೆಯಿಂದಲ್ಲ.

ನೀವೇ ಗಿಟಾರ್ ನುಡಿಸುವವರಾದರೆ ಒಂದು ಮಾತು. ಈ ಸದ್ದು ಬರೀ ಪಶ್ಚಿಮದ ಅನುಕರಣೆ ಎನ್ನುವವರಿಗೆ ‘ಯೂನಿ-ವೈಬ್’ ಎಂಬ, ಗಿಟಾರಿನ ಸದ್ದು ಬದಲಿಸುವ ಕಾಲೊತ್ತು ಪೆಟ್ಟಿಗೆಯನ್ನು ತೋರಿಸಿ. 60ರ ದಶಕದ ಕೊನೆಯಲ್ಲಿ ಜಪಾನಿನ ಶಿನ್-ಎಇ ಕಂಪನಿ ತಯಾರಿಸಿದ ಈ ಪೆಡಲನ್ನು ಜಿಮಿ ಹೆಂಡ್ರಿಕ್ಸ್ 1969ರಲ್ಲಿ ವುಡ್‌ಸ್ಟಾಕ್ ವೇದಿಕೆಯಲ್ಲಿ ತುಳಿದರು.

ಹೆಜ್ಜೆ 9: ಹಳೆಯ ಹಾಡಿಗೆ ಒಮ್ಮೆ ಹಿಂದಿರುಗಿ

ಹೊಸ ರುಚಿ ಹತ್ತಿದವನಿಗೆ ಹಳೆಯದನ್ನು ಹೀಗಳೆಯುವ ಚಪಲ ಬರುತ್ತದೆ. ನನಗೂ ಬಂದಿತ್ತು. ಒಂದು ವರ್ಷ ಗೆಳೆಯರ ಮೆಟಲ್ ಹಾಡಿಗೆಲ್ಲ ಮೂಗು ಮುರಿದೆ. ಅವರು ನನ್ನನ್ನು ಪಾರ್ಟಿಗೆ ಕರೆಯುವುದನ್ನೇ ಬಿಟ್ಟರು, ಸರಿಯಾಗಿಯೇ ಮಾಡಿದರು.

ಮೂರು ತಿಂಗಳಿಗೊಮ್ಮೆ, ಮೊದಲ ಹೆಜ್ಜೆಯಲ್ಲಿ ಬರೆದ ಐದು ಹಾಡುಗಳನ್ನು ಒಂದೇ ಕೂತಲ್ಲಿ ಕೇಳಿ. ಎದುರಿಗೆ ಮತ್ತೆ ಒಂದೊಂದು ಪದ ಬರೆಯಿರಿ, ಹಳೆಯ ಪದ ನೋಡದೆ. ನನ್ನ ಪಟ್ಟಿಯಲ್ಲಿ ಒಂದು ಮೆಟಲ್ ಹಾಡು ಈಗ ಸಪ್ಪೆ. ಇನ್ನೊಂದು ಇನ್ನೂ ಗಟ್ಟಿ. ಭಾವಗೀತೆಯ ಎದುರು ಮೊದಲು ‘ಸಾಹಿತ್ಯ’ ಎಂದಿತ್ತು. ಕಳೆದ ತಿಂಗಳು ‘ಹಿಂದೆ ಯಾರೋ ಆರ್ಗನ್ ನುಡಿಸುತ್ತಿದ್ದಾರೆ, ಯಾರು?’ ಎಂದು ಬರೆದಿದ್ದೇನೆ. ಅದರ ಕ್ಯಾಸೆಟ್ ಅಮ್ಮನ ಬೀರುವಿನಲ್ಲಿದೆ. ಮುಂದಿನ ವಾರ ಊರಿಗೆ ಹೋದಾಗ ಒಳಗಿನ ಚೀಟಿಯ ಫೋಟೊ ತೆಗೆದುಕೊಳ್ಳಬೇಕು.